ಹೇಗೆ ತಿಳಿದ ಮೇಲೂ ಉಳಿಯುವ ಏಕೆ

ಷಿಕಾಗೊದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ರೋಗಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕೆಂಪು ಕಣಗಳನ್ನು ಕಂಡು ವರದಿ ಮಾಡಿದ. ಆ ಬಾಗು ಎಲ್ಲಿಂದ ಬಂತೆಂದು ಹುಡುಕುತ್ತ ಹೊರಟ ವಿಜ್ಞಾನ ಐವತ್ತು ವರ್ಷ ತುಂಬುವ ಮೊದಲೇ ಅದರ ಬುಡ ಮುಟ್ಟಿತು. ದೋಷವಿರುವುದು ಹಿಮೋಗ್ಲೋಬಿನ್ ಅಣುವಿನಲ್ಲೇ ಎಂದು ಲೈನಸ್ ಪೌಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು. 146 ಅಮೈನೊ ಆಮ್ಲಗಳ ಬೀಟಾ ಸರಪಳಿಯಲ್ಲಿ ಆರನೆಯದೊಂದು ಮಾತ್ರ ಬದಲಾಗಿದೆ, ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಕೂತಿದೆ ಎಂಬುದನ್ನು 1957ರ ಹೊತ್ತಿಗೆ ವರ್ನನ್ ಇಂಗ್ರಾಮ್ ಪತ್ತೆ ಹಚ್ಚಿದ. ಆಮ್ಲಜನಕ ಕಡಿಮೆಯಾದಾಗ ಇಂಥ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ, ಎಳೆಗಳು ಕಣವನ್ನು ಒಳಗಿನಿಂದ ಬಾಗಿಸುತ್ತವೆ, ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರೋಗ ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ ಇಷ್ಟು ಪೂರ್ಣವಾದ ಉತ್ತರ ಆ ಕಾಲದ ವೈದ್ಯವಿಜ್ಞಾನದಲ್ಲಿ ಬೇರೆ ಯಾವ ಆನುವಂಶಿಕ ಕಾಯಿಲೆಗೂ ಸಿಕ್ಕಿರಲಿಲ್ಲ. ಆದರೂ ಒಂದು ಪ್ರಶ್ನೆ ಇದ್ದಲ್ಲೇ ಇತ್ತು. ತಂದೆತಾಯಿ ಇಬ್ಬರಿಂದಲೂ ಈ ಜೀನ್ ಪಡೆದ ಮಕ್ಕಳು ಚಿಕಿತ್ಸೆಯಿಲ್ಲದ ಕಾಲದಲ್ಲಿ ಬಹುಮಟ್ಟಿಗೆ ಎಳೆವಯಸ್ಸಿನಲ್ಲೇ ತೀರಿಕೊಳ್ಳುತ್ತಿದ್ದರು. ಹೀಗೆ ತಲೆಮಾರು ತಲೆಮಾರಿಗೂ ಸೋರಿಹೋಗುವ ಜೀನ್ ಆಫ್ರಿಕಾದ ಕೆಲವೆಡೆ ನೂರರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಲ್ಲಿ ಉಳಿದುಕೊಂಡದ್ದೇಕೆ? ನೀಲಗಿರಿಯ ಬುಡಕಟ್ಟುಗಳಲ್ಲೂ ಅದು 1952ರಲ್ಲಿ ಕಾಣಿಸಿದ್ದೇಕೆ? ಹಿಮೋಗ್ಲೋಬಿನ್ ಅಣುವನ್ನು ಎಷ್ಟು ಬಗೆದರೂ ಇದಕ್ಕೆ ಉತ್ತರ ಸಿಗದು. ಉತ್ತರವಿದ್ದದ್ದು ಸೊಳ್ಳೆಯಲ್ಲಿ. ಒಂದೇ ಪ್ರತಿ ಹೊತ್ತವರಿಗೆ ಮಾರಣಾಂತಿಕ ಮಲೇರಿಯಾದಿಂದ ದೊಡ್ಡ ರಕ್ಷಣೆ ಇದೆಯೆಂದು ಆಂಟನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕಾದ ಸಾಕ್ಷ್ಯದೊಡನೆ ಮುಂದಿಟ್ಟ. ಥಲಸ್ಸೀಮಿಯಾದ ಬಗ್ಗೆ ಇಂಥದೇ ಊಹೆಯನ್ನು ಐದು ವರ್ಷ ಮೊದಲೇ ಮಾಡಿದ್ದವರು ಜೆ.ಬಿ.ಎಸ್. ಹಾಲ್ಡೇನ್, ಮುಂದೆ ಭಾರತಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್.

ಒಂದು ಕಾಯಿಲೆಗೆ ಎರಡು ಕಾರಣ, ಎರಡೂ ನಿಜ, ಒಂದು ಇನ್ನೊಂದರ ಜಾಗ ತುಂಬುವುದಿಲ್ಲ. ಜೀವವಿಜ್ಞಾನದ ಈ ಇಬ್ಬಗೆಯನ್ನು ಎಲ್ಲರಿಗೂ ಕೇಳಿಸುವಂತೆ ಹೇಳಿದ್ದು ಎರ್ನ್‌ಸ್ಟ್ ಮೇಯರ್, 1961ರ ಒಂದು ಲೇಖನದಲ್ಲಿ. ಅಮೆರಿಕದ ನ್ಯೂಹ್ಯಾಂಪ್‌ಷೈರ್‌ನಲ್ಲಿ ಬೇಸಿಗೆ ಕಳೆದ ಪುಟ್ಟ ಹಕ್ಕಿಯೊಂದು ಆಗಸ್ಟ್ 25ರ ರಾತ್ರಿ ದಕ್ಷಿಣಕ್ಕೆ ಹೊರಟಿತು. ಅದಕ್ಕೆ ಕಾರಣವೇನು ಎಂದು ಆತ ಕೇಳಿದ. ಹಗಲು ಕಿರಿದಾಯಿತು, ತಣ್ಣನೆಯ ಗಾಳಿ ಬೀಸಿತು, ಹಕ್ಕಿಯ ದೇಹ ಅದಕ್ಕೆ ಸ್ಪಂದಿಸಿತು ಎನ್ನುವುದು ಹತ್ತಿರದ ಕಾರಣ. ಚಳಿಗಾಲದಲ್ಲಿ ಅಲ್ಲೇ ಉಳಿದರೆ ಹುಳುಹುಪ್ಪಟೆ ಸಿಗದೆ ಸಾಯಬೇಕಾಗಿತ್ತು, ಹೊರಟು ಹೋದವುಗಳ ಸಂತತಿ ಮಾತ್ರ ಉಳಿಯಿತು ಎನ್ನುವುದು ದೂರದ ಕಾರಣ. ಎರಡು ವರ್ಷದ ನಂತರ ನಿಕೊ ಟಿನ್‌ಬರ್ಗೆನ್ ಈ ಎರಡನ್ನು ಮತ್ತೆ ಸೀಳಿ ನಾಲ್ಕು ಮಾಡಿದ. ಒಂದು ವರ್ತನೆಯನ್ನು ಈ ಗಳಿಗೆಯಲ್ಲಿ ನಡೆಸುವ ಯಂತ್ರ ಯಾವುದು, ಮರಿಯಿಂದ ಬೆಳೆಯುತ್ತ ಅದು ಹೇಗೆ ರೂಪುಗೊಂಡಿತು, ಬದುಕಿ ಉಳಿಯುವುದಕ್ಕೆ ಅದರಿಂದ ಏನು ಲಾಭ, ಪೂರ್ವಜರಲ್ಲಿ ಅದು ಯಾವ ರೂಪದಲ್ಲಿತ್ತು ಎಂಬುವು ಆ ನಾಲ್ಕು. ಟಿನ್‌ಬರ್ಗೆನ್ ಇದನ್ನು ಬರಿಯ ವರ್ಗೀಕರಣವಾಗಿ ಬಿಡಲಿಲ್ಲ. ಕಪ್ಪುತಲೆಯ ಕಡಲಕ್ಕಿ ಮರಿ ಹೊರಬಂದ ಮೇಲೆ ಮೊಟ್ಟೆಯ ಚಿಪ್ಪನ್ನು ಕೊಕ್ಕಿನಲ್ಲಿ ಕಚ್ಚಿ ದೂರ ಎಸೆಯುತ್ತದೆ. ಯಾತಕ್ಕೆ? ಆತ ಮೊಟ್ಟೆಗಳನ್ನು ಬಯಲಲ್ಲಿಟ್ಟು, ಕೆಲವುಗಳ ಪಕ್ಕದಲ್ಲೇ ಒಡೆದ ಚಿಪ್ಪನ್ನೂ ಇನ್ನು ಕೆಲವುಗಳಿಂದ ದೂರದಲ್ಲಿ ಚಿಪ್ಪನ್ನೂ ಹಾಕಿ ಕಾದ. ಚಿಪ್ಪು ಹತ್ತಿರವಿದ್ದಷ್ಟೂ ಕಾಗೆಗಳಿಗೆ ಮೊಟ್ಟೆ ಸುಲಭವಾಗಿ ಸಿಕ್ಕಿತು. ಏಕೆ ಎಂದು ಕೇಳುವುದು ಕುರ್ಚಿಯಲ್ಲಿ ಕೂತು ಮಾಡುವ ತತ್ತ್ವಚಿಂತನೆ ಎಂದುಕೊಂಡವರಿಗೆ ಈ ಒಂದು ಪ್ರಯೋಗ ಸಾಕು.

ನನ್ನ ವಾದ ಇದು: ಜೀವಿಗಳ ವಿಷಯದಲ್ಲಿ ಏಕೆ ಎಂಬುದು ಹೇಗೆ ಎಂಬುದಕ್ಕಿಂತ ಆಳವಾದದ್ದೂ ಅಲ್ಲ, ಅದಕ್ಕೆ ಅಂಟಿಸಿದ ಅಲಂಕಾರವೂ ಅಲ್ಲ. ಅದು ಬೇರೆ ಕಾಲಮಾನದ ಪ್ರಶ್ನೆ, ಕ್ಷಣಗಳ ಬದಲು ತಲೆಮಾರುಗಳಲ್ಲಿ ಅಳೆಯುವಂಥದು. ಹಾಗೂ ಒಂದರ ಸಹಾಯವಿಲ್ಲದೆ ಇನ್ನೊಂದಕ್ಕೆ ಗತಿಯಿಲ್ಲ. ಒಳಗಿನ ಯಂತ್ರ ತಿಳಿಯದೆ ಲಾಭದ ಕತೆ ಹೇಳಿದರೆ ಅದು ಕತೆಯಾಗಿಯೇ ಉಳಿಯುತ್ತದೆ. ಲಾಭದ ಸುಳಿವಿಲ್ಲದೆ ಯಂತ್ರ ಬಿಚ್ಚಲು ಹೊರಟವನಿಗೆ ಯಾವ ತಿರುಪು ಮೊದಲು ಬಿಚ್ಚಬೇಕೆಂದೇ ತೋಚುವುದಿಲ್ಲ.

ಹಳೆಯ ಆಕ್ಷೇಪವೊಂದಿದೆ: ಏಕೆ ಎಂದೊಡನೆ ಉದ್ದೇಶ ಬರುತ್ತದೆ, ಉದ್ದೇಶ ಬಂದರೆ ಉದ್ದೇಶಿಸಿದವನೊಬ್ಬ ಬರುತ್ತಾನೆ, ಅಲ್ಲಿಗೆ ವಿಜ್ಞಾನ ಮುಗಿಯಿತು. ಕಲ್ಲು ಏಕೆ ಕೆಳಗೆ ಬೀಳುತ್ತದೆಂದು ಕೇಳುವುದನ್ನು ಬಿಟ್ಟ ಮೇಲೆಯೇ ಭೌತವಿಜ್ಞಾನ ಬೆಳೆದದ್ದು ನಿಜ. ಆದರೆ ಜೀವವಿಜ್ಞಾನದ ಚರಿತ್ರೆ ಬೇರೆ ದಾರಿಯಲ್ಲಿ ಬಂದಿದೆ. ರಕ್ತ ದೇಹದಲ್ಲಿ ಸುತ್ತುತ್ತದೆಂದು 1628ರಲ್ಲಿ ಪ್ರಕಟಿಸಿದ ವಿಲಿಯಂ ಹಾರ್ವಿಗೆ ಆ ಯೋಚನೆ ಹೊಳೆದದ್ದು ಸಿರೆಗಳೊಳಗಿನ ಕವಾಟಗಳಿಂದ ಎಂದು, ಆತನೊಡನೆ ಮಾತನಾಡಿದ್ದ ರಾಬರ್ಟ್ ಬಾಯ್ಲ್ ಬರೆದಿಟ್ಟಿದ್ದಾನೆ. ಒಂದೇ ದಿಕ್ಕಿಗೆ ತೆರೆಯುವ ಇಷ್ಟೊಂದು ಬಾಗಿಲುಗಳು ಸುಮ್ಮನೆ ಇರಲಾರವು ಎಂಬ ಅನುಮಾನದಿಂದಲೇ ರಕ್ತ ಹರಿಯುವ ಬಗೆಯ ಹುಡುಕಾಟ ಆರಂಭವಾಯಿತು. ಹಾರ್ವಿ ಆ ಬಾಗಿಲುಗಳನ್ನು ದೇವರ ಯೋಜನೆಯೆಂದೇ ನಂಬಿರಬಹುದು. ಪ್ರಶ್ನೆ ಫಲ ಕೊಡಲು ಅದು ಅಡ್ಡಬರಲಿಲ್ಲ. ಹುಲ್ಲಿನ ಒಂದು ಎಸಳನ್ನು ವಿವರಿಸಬಲ್ಲ ನ್ಯೂಟನ್ ಹುಟ್ಟಲಾರನೆಂದು 1790ರಲ್ಲಿ ಕಾಂಟ್ ಕೈಚೆಲ್ಲಿದ. 1859ರಲ್ಲಿ ಡಾರ್ವಿನ್ ಮಾಡಿದ್ದು ಉದ್ದೇಶವನ್ನು ಅಳಿಸಿಹಾಕುವ ಕೆಲಸವಲ್ಲ. ಉದ್ದೇಶದಂತೆ ಕಾಣುವುದಕ್ಕೆ ಹಿಂದಿನಿಂದ ಕಾರಣ ಕೊಡುವ ಕೆಲಸ. ಅಂದಿನಿಂದ ಸಿರೆಯ ಕವಾಟ ಏಕಿದೆ ಎಂದರೆ, ಅದಿದ್ದ ಪೂರ್ವಜರು ಇಲ್ಲದವರಿಗಿಂತ ಹೆಚ್ಚು ಮಕ್ಕಳನ್ನು ಬಿಟ್ಟುಹೋದರು ಎಂದಷ್ಟೇ ಅರ್ಥ. ಮುಂದಿನ ಗುರಿಯ ಮಾತಾಗಿದ್ದದ್ದು ಹಿಂದಿನ ಘಟನೆಯ ಮಾತಾಯಿತು. ಘಟನೆಗೆ ಸಾಕ್ಷ್ಯ ಹುಡುಕಬಹುದು.

ಆ ಹುಡುಕಾಟ ಎಷ್ಟು ಉದ್ದವಾಗಬಲ್ಲದು, ಎಷ್ಟು ಜಗಳದ್ದಾಗಬಲ್ಲದು ಎಂಬುದಕ್ಕೆ ಧಾರವಾಡದ ಮುಸುವಗಳಿಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ಜಪಾನಿನ ವಾನರತಜ್ಞ ಯುಕಿಮಾರು ಸುಗಿಯಾಮ 1960ರ ದಶಕದ ಆರಂಭದಲ್ಲಿ ಧಾರವಾಡದ ಸುತ್ತಲಿನ ಕಾಡಂಚಿನ ಹಿಂಡುಗಳನ್ನು ಹಿಂಬಾಲಿಸುತ್ತಿದ್ದಾಗ, ಹೊರಗಿನ ಗಂಡುಗಳು ಒಂದು ಹಿಂಡಿನ ಮೇಲೆ ಬಿದ್ದು ಹಳೆಯ ಯಜಮಾನನನ್ನು ಓಡಿಸಿದವು. ಗೆದ್ದು ಉಳಿದ ಗಂಡು ಹಿಂಡಿನ ಮೊಲೆಗೂಸುಗಳನ್ನು ಒಂದಾದ ಮೇಲೊಂದು ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ಹೆಣ್ಣುಗಳು ಕೆಲವೇ ದಿನಗಳಲ್ಲಿ ಬೆದೆಗೆ ಬಂದು ಅದೇ ಗಂಡಿನೊಡನೆ ಕೂಡಿದವು. ಸುಗಿಯಾಮ ಅಲ್ಲಿಗೇ ನಿಲ್ಲದೆ ಇನ್ನೊಂದು ಹಿಂಡಿನ ಗಂಡನ್ನು ತಾನೇ ಹಿಡಿದು ತೆಗೆದ. ಹೊರಗಿನಿಂದ ಬಂದ ಗಂಡು ಅಲ್ಲೂ ಮರಿಗಳ ಮೇಲೆ ಎರಗಿತು. 1965–66ರಲ್ಲಿ ಇದು ಪ್ರಕಟವಾದಾಗ ಹಲವರು ನಂಬಲಿಲ್ಲ, ನಂಬಿದವರು ರೋಗಲಕ್ಷಣವೆಂದರು. ಪ್ರಾಣಿಗಳು ತಮ್ಮ ಜಾತಿಯ ಹಿತಕ್ಕಾಗಿ ನಡೆದುಕೊಳ್ಳುತ್ತವೆ ಎಂಬುದು ಆಗಿನ ಸಾಮಾನ್ಯ ತಿಳಿವಳಿಕೆ. ಮರಿ ಕೊಲ್ಲುವುದು ಆ ಚೌಕಟ್ಟಿಗೆ ಹೊಂದುವುದಾದರೂ ಹೇಗೆ? ಊರಿಗೆ ಅಂಟಿಕೊಂಡು, ಜನರ ಕಾಟದಲ್ಲಿ, ಕಿಕ್ಕಿರಿದು ಬದುಕುವ ಮಂಗಗಳ ತಲೆ ಕೆಟ್ಟಿದೆ ಎಂಬ ವಿವರಣೆ ಸಲೀಸಾಗಿ ಹೊಂದಿತು.

ಸಾರಾ ಹರ್ಡಿ 1970ರ ದಶಕದಲ್ಲಿ ರಾಜಸ್ಥಾನದ ಅಬು ಪರ್ವತದ ಮುಸುವಗಳನ್ನು ನೋಡಲು ಬಂದದ್ದು ಈ ಕಿಕ್ಕಿರಿತದ ವಿವರಣೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು. ಹಿಂತಿರುಗಿದ್ದು ತದ್ವಿರುದ್ಧದ ಮಾತಿನೊಡನೆ. ಗಂಡಿಗೆ ಹಿಂಡಿನ ಯಜಮಾನಿಕೆ ಸಿಗುವುದು ಸರಾಸರಿ ಎರಡು ವರ್ಷಕ್ಕೆ ತುಸು ಹೆಚ್ಚು ಕಾಲ. ಹೆಣ್ಣು ಹಾಲೂಡಿಸುತ್ತಿರುವಷ್ಟು ದಿನ ಮತ್ತೆ ಗಬ್ಬವಾಗುವುದಿಲ್ಲ. ಹಿಂದಿನವನ ಮರಿ ಮೊಲೆ ಬಿಡುವವರೆಗೆ ಕಾದರೆ ಹೊಸ ಗಂಡಿನ ಅವಧಿಯ ಒಳ್ಳೆಯ ಪಾಲು ಕಳೆದೇಹೋಗುತ್ತದೆ. ಕೊಂದ ಗಂಡು ಹೆಚ್ಚು ಸಂತಾನ ಬಿಟ್ಟುಹೋಗುತ್ತದೆ. ವಾದ ಕಟುವಾಗಿತ್ತು, ಅಚ್ಚುಕಟ್ಟಾಗಿತ್ತು, ಅದಕ್ಕೇ ಅನುಮಾನಾಸ್ಪದವೂ ಆಗಿತ್ತು. ಫಿಲಿಸ್ ಡೊಲಿನೊ ಮೊದಲಾದವರು ದಶಕಗಳ ಕಾಲ ಎದುರು ವಾದ ಹೂಡಿದರು: ಕಣ್ಣಾರೆ ಕಂಡ ಕೊಲೆಗಳು ಕಡಿಮೆ, ಉಳಿದದ್ದು ಊಹೆ, ಗಲಾಟೆಯ ನಡುವೆ ಸಿಕ್ಕ ಮರಿ ಸತ್ತಿರಬಹುದು. ಅವರ ಹಟವನ್ನು ಮೆಚ್ಚಬೇಕು. ಆ ಹಟದಿಂದಲೇ ಎರಡು ವಿವರಣೆಗಳು ಬೇರೆ ಬೇರೆ ಭವಿಷ್ಯ ನುಡಿಯುವ ಮಟ್ಟಕ್ಕೆ ಬಂದವು. ತಲೆಕೆಟ್ಟ ಗಂಡಾದರೆ ತನ್ನ ಮರಿ, ಪರರ ಮರಿ ಎಂದು ನೋಡಬಾರದು. ತಂತ್ರವಾದರೆ ತನ್ನದನ್ನು ಬಿಟ್ಟು ಪರರದನ್ನೇ ಕೊಲ್ಲಬೇಕು, ಮುಂದಿನ ಮರಿಗೆ ತಾನೇ ತಂದೆಯಾಗಬೇಕು. ಕರೋಲಾ ಬೊರ್ರೀಸ್ ಮತ್ತು ಜೊತೆಗಾರರು ದಕ್ಷಿಣ ನೇಪಾಳದ ರಾಮನಗರದ ಕಾಡಿನಲ್ಲಿ ಮುಸುವಗಳ ಡಿಎನ್‌ಎ ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಕೊಟ್ಟರು. ದಾಳಿ ಮಾಡಿದ ಯಾವ ಗಂಡೂ ಬಲಿಯಾದ ಮರಿಯ ತಂದೆಯಾಗಿರಲಿಲ್ಲ; ಆ ತಾಯಂದಿರ ಮುಂದಿನ ಮರಿಗಳಿಗೆ ತಂದೆ ಅವೇ ಆಗಿರುವ ಸಂಭವ ಹೆಚ್ಚಿತ್ತು. ಅದೂ ಊರಂಚಿನ ಕಿಕ್ಕಿರಿತವಿಲ್ಲದ ಕಾಡಿನಲ್ಲಿ.

ಇಲ್ಲಿ ಗಮನಿಸಬೇಕಾದದ್ದು, ಹರ್ಡಿಯ ವಾದ ಪೂರ್ತಿ ನಿಂತಿರುವುದು ಒಂದು ಯಂತ್ರದ ಮೇಲೆ. ಮರಿ ಮೊಲೆ ಚೀಪುವಾಗ ಹುಟ್ಟುವ ನರಸಂಕೇತ ಅಂಡ ಬಿಡುಗಡೆಗೆ ಬೇಕಾದ ಹಾರ್ಮೋನುಗಳನ್ನು ತಡೆಹಿಡಿಯುತ್ತದೆ. ಈ ಶರೀರಕ್ರಿಯೆ ಇಲ್ಲದಿದ್ದರೆ ಕೊಲೆಯಿಂದ ಲಾಭವೇ ಇಲ್ಲ, ವಾದ ಬಿದ್ದುಹೋಗುತ್ತದೆ. ತಿರುಗಿಸಿ ನೋಡಿದರೆ, ಲಾಭದ ಯೋಚನೆ ಯಂತ್ರ ಹುಡುಕಲು ದಾರಿ ತೋರಿಸಿದ್ದೂ ಉಂಟು. ಗಂಡು ಇಲಿಗಳೂ ಮರಿ ಕೊಲ್ಲುತ್ತವೆ. ತನ್ನ ಮರಿಯನ್ನೇ ಕೊಲ್ಲದಿರಲು ಇಲಿಗೆ ಏನೋ ಒಂದು ಲೆಕ್ಕ ಬೇಕು; ಗಬ್ಬದ ಅವಧಿ ಸುಮಾರು ಮೂರು ವಾರ. ಕೂಡಿದ ಮೇಲೆ ಹತ್ತಿರಹತ್ತಿರ ಅಷ್ಟೇ ಕಾಲಕ್ಕೆ ಗಂಡು ಸೌಮ್ಯವಾಗುತ್ತದೆಂದು ಕಂಡುಬಂತು. ಬೆಳಕು ಕತ್ತಲೆಯ ಸರದಿಯನ್ನು ಕೃತಕವಾಗಿ ಕಿರಿದು ಹಿರಿದು ಮಾಡಿ ನೋಡಿದ ಪೆರಿಗೊ ಮತ್ತು ಫೋಮ್ ಸಾಲ್‌ರ ಪ್ರಯೋಗದಲ್ಲಿ, ಇಲಿಯ ದೇಹ ಎಣಿಸುವುದು ಗಂಟೆಗಳನ್ನಲ್ಲ, ಹಗಲುರಾತ್ರಿಗಳ ಸಂಖ್ಯೆಯನ್ನು ಎಂದು ತಿಳಿಯಿತು. 2014ರಲ್ಲಿ ಕ್ಯಾಥರೀನ್ ಡ್ಯುಲಾಕ್‌ರ ಪ್ರಯೋಗಾಲಯ ಮಿದುಳಿನ ಒಂದು ನರಕೋಶ ಗುಂಪನ್ನು ಚುರುಕುಗೊಳಿಸಿ, ಮರಿಗಳ ಮೇಲೆ ಎರಗುತ್ತಿದ್ದ ಗಂಡಿಲಿಗಳನ್ನು ತಣ್ಣಗಾಗಿಸಿ ತೋರಿಸಿತು. ಇಲಿಗಾಗಲಿ ಮುಸುವನಿಗಾಗಲಿ ವಂಶದ ಲೆಕ್ಕಾಚಾರ ತಿಳಿದಿರಬೇಕಾಗಿಲ್ಲ. ಅವುಗಳೊಳಗೆ ಇಂಥ ನರಕೋಶಗಳೂ ಎಣಿಕೆಗಳೂ ಇದ್ದರೆ ಸಾಕು. ಪ್ರಾಣಿಯ ತಲೆಯೊಳಗಿನ ಕಾರಣವನ್ನೂ ಪೀಳಿಗೆಗಳ ಕಾರಣವನ್ನೂ ಕಲಸಿಹಾಕುವುದು ಈ ವಿಷಯದಲ್ಲಿ ಪತ್ರಿಕೆಗಳು ಪದೇಪದೇ ಮಾಡುವ ತಪ್ಪು. ಲಾಭವಿದೆ ಎಂದೊಡನೆ ಸಮರ್ಥನೆ ಎಂದುಕೊಳ್ಳುವುದು ಅದಕ್ಕಿಂತ ಕೆಟ್ಟ ತಪ್ಪು, ಮನುಷ್ಯರ ವಿಷಯಕ್ಕೆ ಬಂದಾಗಲಂತೂ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಬಂದದ್ದು ವಿಕಾಸವಾದದ ಒಳಗಿನಿಂದಲೇ. ಸ್ಟೀಫನ್ ಜೇ ಗೂಲ್ಡ್ ಮತ್ತು ರಿಚರ್ಡ್ ಲೆವೊಂಟಿನ್ 1979ರಲ್ಲಿ ವೆನಿಸ್‌ನ ಸಂತ ಮಾರ್ಕನ ಚರ್ಚಿನ ಕಮಾನುಗಳ ನಡುವಿನ ಮೂಲೆಗಳನ್ನು ತೋರಿಸಿದರು. ಅಲ್ಲಿನ ಚಿತ್ರಗಳು ಎಷ್ಟು ಚೆಂದ ಹೊಂದಿಕೊಂಡಿವೆಯೆಂದರೆ ಮೂಲೆಗಳನ್ನು ಚಿತ್ರಕ್ಕಾಗಿಯೇ ಕಟ್ಟಿದಂತಿದೆ. ಆದರೆ ಕಮಾನುಗಳ ಮೇಲೆ ಗುಮ್ಮಟ ಕೂರಿಸಿದರೆ ಆ ಮೂಲೆಗಳು ಬೇಡವೆಂದರೂ ಉಳಿಯುತ್ತವೆ. ಜೀವಿಯ ಪ್ರತಿ ಅಂಗಕ್ಕೂ ಒಂದು ಉಪಯೋಗದ ಕತೆ ಹೆಣೆದು, ಅದು ಬಿದ್ದರೆ ಇನ್ನೊಂದು ಹೆಣೆಯುವ ಚಾಳಿಗೆ ಅವರು ಕೊಟ್ಟ ಪೆಟ್ಟು ನ್ಯಾಯವಾದದ್ದೇ. ರಕ್ತ ಕೆಂಪಗಿರುವುದಕ್ಕೆ ಉಪಯೋಗ ಹುಡುಕುವುದು ವ್ಯರ್ಥ. ಆಮ್ಲಜನಕ ಹೊರುವ ಕಬ್ಬಿಣದ ಅಣು ಬೆಳಕನ್ನು ಹೀರುವ ರೀತಿಯೇ ಹಾಗೆ. ಜಿರಾಫೆಯ ಧ್ವನಿಪೆಟ್ಟಿಗೆಯ ನರ ಮಿದುಳಿನಿಂದ ಎದೆಯವರೆಗೆ ಇಳಿದು ಮತ್ತೆ ಕುತ್ತಿಗೆ ಹತ್ತುತ್ತದೆ. ಅದರಿಂದ ಜಿರಾಫೆಗೆ ನಯಾಪೈಸೆ ಲಾಭವಿಲ್ಲ. ಕತ್ತೇ ಇಲ್ಲದ ಮೀನಿನಂಥ ಪೂರ್ವಜರಲ್ಲಿ ನೇರವಾಗಿದ್ದ ದಾರಿ, ಕತ್ತು ಉದ್ದವಾದಂತೆ ರಕ್ತನಾಳಕ್ಕೆ ಸಿಕ್ಕಿಕೊಂಡು ಉದ್ದಕ್ಕೆ ಹಿಗ್ಗಿತು, ಅಷ್ಟೇ. ಡಿಎನ್‌ಎ ಮಟ್ಟದ ಬದಲಾವಣೆಗಳಲ್ಲಿ ಬಹುಪಾಲು ಲಾಭವೂ ಇಲ್ಲದ ನಷ್ಟವೂ ಇಲ್ಲದ ಆಕಸ್ಮಿಕಗಳೆಂದು ಮೊಟೊ ಕಿಮುರ 1968ರಲ್ಲೇ ವಾದಿಸಿದ್ದ. ಆದರೂ ಇದೆಲ್ಲ ಏಕೆ ಎಂಬ ಪ್ರಶ್ನೆಯನ್ನು ಕೈಬಿಡಲು ಕಾರಣವಾಗುವುದಿಲ್ಲ. ಚರಿತ್ರೆ, ಆಕಸ್ಮಿಕ, ಪಕ್ಕದ ಪರಿಣಾಮ ಎಂಬ ಉತ್ತರಗಳೂ ಆ ಪ್ರಶ್ನೆಗೇ ಬಂದ ಉತ್ತರಗಳು.

ಕತೆ ಹೆಣೆಯುವವರನ್ನು ತಡೆಯುವುದು ಅಳತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಅಧ್ಯಯನ ಮಾಡಿದ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನೇ ನೋಡಬಹುದು. ಗೂಡಿನಲ್ಲಿ ಒಂದು ರಾಣಿ ಮೊಟ್ಟೆಯಿಡುತ್ತದೆ, ಉಳಿದ ಹೆಣ್ಣುಗಳು ದುಡಿಯುತ್ತವೆ. ತಮ್ಮ ಸಂತಾನ ಬಿಟ್ಟು ಇನ್ನೊಬ್ಬಳ ಮರಿ ಸಾಕುವುದೇಕೆ? ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ಕೊಟ್ಟ ಸಿದ್ಧಾಂತದಿಂದ ಒಂದು ಮೋಹಕ ಉತ್ತರ ಹೊರಟಿತ್ತು. ಕಣಜದ ಗಂಡಿಗೆ ವರ್ಣತಂತುಗಳ ಒಂದೇ ಪ್ರತಿ ಇರುವುದರಿಂದ, ಒಂದೇ ತಂದೆಯ ಅಕ್ಕತಂಗಿಯರು ಜೀನ್‌ಗಳಲ್ಲಿ ಮುಕ್ಕಾಲು ಪಾಲು ಸಮಾನರು, ತಾಯಿಮಗಳು ಅರ್ಧ ಪಾಲು ಮಾತ್ರ. ಹಾಗಾದರೆ ಮಗಳಿಗಿಂತ ತಂಗಿಯನ್ನು ಸಾಕುವುದೇ ಲಾಭ. ಬೆಂಗಳೂರಿನ ಗೂಡುಗಳಲ್ಲಿ ಅಳೆದು ನೋಡಿದರೆ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡುತ್ತದೆ, ರಾಣಿಯರು ಬದಲಾಗುತ್ತಲೂ ಇರುತ್ತಾರೆ. ಮುಕ್ಕಾಲಿನ ಲೆಕ್ಕ ನಿಲ್ಲಲಿಲ್ಲ. ಆಗ ಗದಗಕರ್ 1990ರಲ್ಲಿ ಬೇರೆ ಕಡೆ ಕೈ ತೋರಿಸಿದರು. ಮೊಟ್ಟೆಯೊಂದು ಪ್ರೌಢ ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ಹೆಚ್ಚಿನ ಕಣಜಗಳು ಅಷ್ಟು ದಿನ ಬದುಕುವುದೇ ಇಲ್ಲ. ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಪೂರ್ತಿ ನಷ್ಟ. ಗುಂಪಿನಲ್ಲಿ ದುಡಿದವಳು ನಡುವೆ ಸತ್ತರೂ ಉಳಿದವರು ಆ ಮರಿಗಳನ್ನು ದಡ ಸೇರಿಸುತ್ತಾರೆ. ಅಂದವಾದ ಉತ್ತರವೊಂದು ಸೋತು, ಸಾವಿನ ಪ್ರಮಾಣದಿಂದ ಹುಟ್ಟಿದ ಒರಟು ಉತ್ತರ ಅದರ ಜಾಗಕ್ಕೆ ಬಂತು. ಸೋಲಬಲ್ಲ ಉತ್ತರವನ್ನು ಕಟ್ಟುಕತೆ ಎನ್ನಲಾಗದು.

ಇನ್ನು ವೈದ್ಯರ, ಔಷಧ ತಯಾರಕರ ಕಡೆಯ ಮಾತು: ಗುಣಪಡಿಸಲು ಹೇಗೆ ಗೊತ್ತಾದರೆ ಸಾಕು. ಇದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಮೊದಲು ಹೇಳಿದ ಕುಡುಗೋಲು ಕಣಗಳ ರೋಗಕ್ಕೆ, ಅಂದರೆ ಸಿಕಲ್ ಸೆಲ್ ರೋಗಕ್ಕೆ, 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟ ಜೀನ್ ತಿದ್ದುವ ಚಿಕಿತ್ಸೆ ಭ್ರೂಣಾವಸ್ಥೆಯ ಹಿಮೋಗ್ಲೋಬಿನನ್ನು ಮತ್ತೆ ಹೊರಡಿಸುತ್ತದೆ. ಅದರಲ್ಲಿ ಮಲೇರಿಯಾದ ಚರಿತ್ರೆಗೆ ಪಾತ್ರವಿಲ್ಲ. ಆದರೆ ಒಬ್ಬ ರೋಗಿಯಿಂದ ಒಂದು ಸಮುದಾಯಕ್ಕೆ ಬಂದೊಡನೆ ಲೆಕ್ಕ ತಿರುಗುತ್ತದೆ. ಬ್ಯಾಕ್ಟೀರಿಯಾ ಪೆನ್ಸಿಲಿನ್ನನ್ನು ಮುರಿಯುವ ಕಿಣ್ವದ ರಚನೆ ತಿಳಿದರೆ ಹೊಸ ಔಷಧ ಮಾಡಬಹುದು. ಆ ಔಷಧವೂ ಬೇಗ ಸೋಲುವುದೇಕೆ ಎಂದು ಕೇಳದ ಆಸ್ಪತ್ರೆ ಅದನ್ನು ಸೋಲಿಸುವ ಕೆಲಸದಲ್ಲೇ ತೊಡಗಿರುತ್ತದೆ.

ಮೇಯರ್ ಎಳೆದ ಗೆರೆ ಅತಿ ನೇರವಾಯಿತು ಎಂಬ ಟೀಕೆಯೂ ಇದೆ. ಆ ಲೇಖನಕ್ಕೆ ಐವತ್ತು ತುಂಬಿದ 2011ರಲ್ಲಿ ಕೆವಿನ್ ಲಾಲಂಡ್ ಮತ್ತಿತರರು, ಜೀವಿಗಳ ಇಂದಿನ ವರ್ತನೆಯೇ ನಾಳಿನ ಆಯ್ಕೆಯ ಒತ್ತಡವಾಗುತ್ತದೆ, ಹತ್ತಿರದ ಕಾರಣ ದೂರದ ಕಾರಣವನ್ನು ರೂಪಿಸುತ್ತದೆ ಎಂದರು. ಹಾಲು ಇದಕ್ಕೆ ತಕ್ಕ ಉದಾಹರಣೆ. ಸಸ್ತನಿಗಳಲ್ಲಿ ಮೊಲೆ ಬಿಟ್ಟ ಮೇಲೆ ಲ್ಯಾಕ್ಟೇಸ್ ಕಿಣ್ವ ಇಳಿದುಹೋಗುತ್ತದೆ. ದನ ಸಾಕುವ ಜನರಲ್ಲಿ ಹಲವರಿಗೆ ಮಾತ್ರ ಜೀವನಪರ್ಯಂತ ಉಳಿಯುತ್ತದೆ. ಇದಕ್ಕೆ ಕಾರಣವಾದ ಡಿಎನ್‌ಎ ಬದಲಾವಣೆ ಯುರೋಪಿನಲ್ಲೂ ಭಾರತದಲ್ಲೂ ಒಂದೇ. ಪೂರ್ವ ಆಫ್ರಿಕಾ ಮತ್ತು ಅರೇಬಿಯಾದಲ್ಲಿ ಬೇರೆಯವು. ಮನುಷ್ಯರ ಪಶುಪಾಲನೆಯೇ ಮನುಷ್ಯರ ಜೀನ್‌ಗಳನ್ನು ಆಯ್ದದ್ದು ಸ್ಪಷ್ಟ. ಆದರೆ ಹಾಲು ಪುಷ್ಟಿಕರ, ಕುಡಿದವರು ಹೆಚ್ಚಿದರು ಎಂಬ ಪಠ್ಯಪುಸ್ತಕದ ಉತ್ತರ ಈಚೆಗೆ ಅಲುಗಾಡಿದೆ. ಮಂಗೋಲಿಯಾದ ಪಶುಪಾಲಕರಲ್ಲಿ ಈ ಗುಣ ತೀರ ವಿರಳ. ಅವರು ಹಾಲನ್ನು ಹುದುಗಿಸಿ ಬಳಸುತ್ತಾರೆ. ಯುರೋಪಿನ ಸಾವಿರಾರು ಮಡಕೆಚೂರುಗಳಲ್ಲಿ ಹಾಲಿನ ಕೊಬ್ಬಿನ ಅಂಶ ಹುಡುಕಿದ ರಿಚರ್ಡ್ ಎವರ್‌ಶೆಡ್ ಮತ್ತು ಸಂಗಡಿಗರು 2022ರಲ್ಲಿ, ಆ ಜೀನ್ ವ್ಯಾಪಕವಾಗುವುದಕ್ಕೆ ಸಾವಿರಾರು ವರ್ಷ ಮೊದಲೇ ಜನ ಹಾಲು ಬಳಸುತ್ತಿದ್ದರೆಂದು ತೋರಿಸಿದರು; ಹಾಲಿನ ಬಳಕೆ ಏರಿಳಿದಂತೆ ಜೀನ್ ಏರಿಳಿದಿರಲಿಲ್ಲ. ಜನಸಂಖ್ಯೆ ಕುಸಿದ ಕಾಲಗಳು, ಜನ ಒತ್ತೊತ್ತಾಗಿ ನೆಲೆಸಿದ ಜಾಗಗಳು ಅದಕ್ಕಿಂತ ಚೆನ್ನಾಗಿ ಹೊಂದಿದವು. ಅವರು ಕೊಡುವ ಕಾರಣ ಕರುಳಿನ ಸರಳ ಶರೀರಕ್ರಿಯೆಯಿಂದ ಬರುತ್ತದೆ. ಅರಗದ ಲ್ಯಾಕ್ಟೋಸ್ ಕರುಳಿಗೆ ನೀರು ಸೆಳೆದು ಭೇದಿ ಹಿಡಿಸುತ್ತದೆ. ಉಂಡುಟ್ಟು ಗಟ್ಟಿಯಾಗಿರುವವನಿಗೆ ಅದು ಒಂದು ಹೊತ್ತಿನ ಇರುಸುಮುರುಸು, ಬರಗಾಲದಲ್ಲಿ ಬೇರೇನೂ ಸಿಗದೆ ಹಾಲನ್ನೇ ನೆಚ್ಚಿಕೊಂಡವನಿಗೆ, ಅಥವಾ ಸೋಂಕಿನಿಂದ ಆಗಲೇ ಬಸವಳಿದವನಿಗೆ, ಜೀವಕ್ಕೇ ಎರವು.